ಆಪರೇಷನ್‌ಗೆ ಉಸಿರಾಟದ ಟ್ಯೂಬ್ ಹಾಕಿದ ಮೇಲೆ ಗಂಟಲು ನೋಯದಿರಲು ಏನು ಮಾಡಬೇಕು?

ಪ್ರಶ್ನೆ: ನಾನು ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ, ವಯಸ್ಸು 46. ಗಮಕ ವಾಚನವನ್ನೂ ಮಾಡುತ್ತೇನೆ. ಪಿತ್ತಕೋಶದಲ್ಲಿ ಕಲ್ಲಾಗಿದೆ, ಮೈಸೂರಿನಲ್ಲಿ ಲ್ಯಾಪ್ರೊಸ್ಕೋಪಿ ಮಾಡಿ ತೆಗೆಯಬೇಕು ಎಂದಿದ್ದಾರೆ. ಆರು ವರ್ಷದ ಹಿಂದೆ ಸೈನಸ್ ಆಪರೇಷನ್ ಆಗಿತ್ತು. ಎಚ್ಚರವಾದಾಗಿನಿಂದ ಐದು ದಿನ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡ ಹಾಗಿತ್ತು, ಎಂಜಲು ನುಂಗಲೂ ಆಗುತ್ತಿರಲಿಲ್ಲ. ತಾರಸ್ಥಾಯಿಗೆ ಹೋದರೆ ಮೂರು ವಾರ ಧ್ವನಿ ಒಡೆಯುತ್ತಿತ್ತು. ನಮ್ಮತ್ತೆಗೆ ಐಸಿಯುನಲ್ಲಿ ಹನ್ನೆರಡು ದಿನ ಟ್ಯೂಬ್ ಇಟ್ಟಿದ್ದರು. ಅವರ ಧ್ವನಿ ಮೊದಲಿನಂತೆ ಆಗಲೇ ಇಲ್ಲ. ಟ್ಯೂಬ್ ಬೇಡವೆಂದು ಬೆನ್ನಿಗೆ ಇಂಜೆಕ್ಷನ್ ಕೊಡಿಸಿಕೊಳ್ಳಬಹುದೆ? ಅತಿಮಧುರ ಅಗಿದರೆ ಗಂಟಲಿಗೆ ಏನೂ ಆಗುವುದಿಲ್ಲ ಎನ್ನುತ್ತಾರೆ, ನಿಜವೆ? ಆ ದಿನ ಬೆಳಗ್ಗೆ ಕಷಾಯ ಕುಡಿದು ಹೋಗಲೆ? ನನಗೆ ಶುಗರ್ ಇದೆ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತೇನೆ. ರಾತ್ರಿ ಹೊತ್ತು ಎದೆಯುರಿ, ಹುಳಿ ತೇಗು ಇದೆ. ದಸರಾ ಕಾರ್ಯಕ್ರಮವೊಂದನ್ನು ಒಪ್ಪಿಕೊಂಡಿದ್ದೇನೆ, ಅದಕ್ಕಿನ್ನು ಎರಡು ತಿಂಗಳಿದೆ.

ಅರಿವಳಿಕೆ ತಜ್ಞರ ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಭಯಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಒಂದು, ನಾಲ್ಕೈದು ದಿನದ ಗಂಟಲು ನೋವು. ಇನ್ನೊಂದು, ಧ್ವನಿಯೇ ಹೋಗಿಬಿಡುತ್ತದೇನೋ ಎನ್ನುವುದು. ಮೊದಲನೆಯದು ತೀರ ಸಾಮಾನ್ಯ. ಅಧ್ಯಯನದಿಂದ ಅಧ್ಯಯನಕ್ಕೆ ಲೆಕ್ಕ ಬಹಳ ಬದಲಾಗುತ್ತದೆ. ಟ್ಯೂಬ್ ಹಾಕಿಸಿಕೊಂಡ ಹತ್ತು ಜನರಲ್ಲಿ ಇಬ್ಬರಿಂದ ಆರು ಜನರವರೆಗೆ ಒಂದಿಷ್ಟು ಗಂಟಲು ನೋವು ಕಾಣುತ್ತದೆ, ಹೆಚ್ಚಿನವರಲ್ಲಿ ಎರಡು ಮೂರು ದಿನಕ್ಕೆ ತಾನಾಗಿ ಇಳಿಯುತ್ತದೆ. ಎರಡನೆಯದು ಅಪರೂಪ. ಆದರೆ ನಿಮ್ಮಂತೆ ಧ್ವನಿಯನ್ನೇ ನೆಚ್ಚಿಕೊಂಡವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾಗುವುದು ಸರಿ.

ನಿಮ್ಮ ಅತ್ತೆಯವರ ವಿಷಯವನ್ನು ಮೊದಲು ಬೇರೆ ಮಾಡಿಬಿಡೋಣ. ಹನ್ನೆರಡು ದಿನ ಹಗಲೂ ರಾತ್ರಿ ಧ್ವನಿತಂತುಗಳ ನಡುವೆ ಟ್ಯೂಬ್ ಇದ್ದರೆ ಅದು ಒತ್ತುವ ಜಾಗದಲ್ಲಿ ಹುಣ್ಣಾಗಬಹುದು, ಆ ಹುಣ್ಣು ಮಾಯುವಾಗ ಗಾಯದ ಕಲೆ ಕಟ್ಟಬಹುದು. ಪಿತ್ತಕೋಶದ ಆಪರೇಷನ್‌ಗೆ ಸಾಮಾನ್ಯವಾಗಿ ಒಂದು, ಒಂದೂವರೆ ಗಂಟೆ ಸಾಕು. ಎರಡೂ ಕಡೆ ಇರುವುದು ಅದೇ ಟ್ಯೂಬ್, ಆದರೆ ಆಗುವ ಪೆಟ್ಟು ಒಂದೇ ಅಲ್ಲ.

ನಿಮ್ಮ ಹಿಂದಿನ ಅನುಭವದಲ್ಲೂ ಒಂದು ಸುಳಿವಿದೆ. ಸೈನಸ್ ಆಪರೇಷನ್ ಮಾಡುವಾಗ ಮೂಗಿನಿಂದ ಹಿಂದಕ್ಕೆ ಇಳಿಯುವ ರಕ್ತ ಹೊಟ್ಟೆಗೆ ಹೋಗದಿರಲೆಂದು ಗಂಟಲಿನ ಹಿಂಭಾಗಕ್ಕೆ ಒದ್ದೆ ಮಾಡಿದ ಗಾಜ್ ಬಟ್ಟೆಯನ್ನು ತುರುಕುವುದು ಬಹಳ ಕಡೆ ವಾಡಿಕೆ. ಅದಕ್ಕೆ ಥ್ರೋಟ್ ಪ್ಯಾಕ್ ಎನ್ನುತ್ತೇವೆ. ಅದು ಒಣಗುತ್ತಾ ಲೋಳೆಪೊರೆಗೆ ಅಂಟಿಕೊಂಡು, ಎಳೆದು ತೆಗೆಯುವಾಗ ತರಚುತ್ತದೆ. ಎಂಜಲು ನುಂಗಲಾಗದಂಥ ನೋವು ಐದು ದಿನ ಇತ್ತೆಂದರೆ ಅದರಲ್ಲಿ ಈ ಬಟ್ಟೆಯ ಪಾಲು ದೊಡ್ಡದಿರಬಹುದು. ಪಿತ್ತಕೋಶದ ಆಪರೇಷನ್‌ಗೆ ಥ್ರೋಟ್ ಪ್ಯಾಕ್ ಬೇಕಿಲ್ಲ. ಆದರೆ ಮೂರು ವಾರ ಧ್ವನಿ ಒಡೆದದ್ದಕ್ಕೆ ಪ್ಯಾಕ್ ಕಾರಣವಾಗುವುದು ಕಷ್ಟ, ಅದು ಧ್ವನಿತಂತುಗಳ ಮಟ್ಟದಲ್ಲಿ ಆದದ್ದು. ಅದಕ್ಕೆ ಮುಂದೆ ಬರುತ್ತೇನೆ.

ನೋವು ಎಲ್ಲಿಂದ ಬರುತ್ತದೆ

ಗಂಟಲು ನೋವು ಅಂತ ಒಂದೇ ಹೆಸರಿನಿಂದ ಕರೆದರೂ ಮೂರು ಬೇರೆ ಜಾಗಗಳು ನೋಯುತ್ತಿರುತ್ತವೆ. ನಾಲಿಗೆಯ ಬುಡ ಮತ್ತು ಅಂಗುಳಿನ ಹಿಂದಿನ ಭಾಗಕ್ಕೆ, ಟ್ಯೂಬ್ ಹಾಕಲು ದಾರಿ ನೋಡುವ ಲ್ಯಾರಿಂಗೋಸ್ಕೋಪ್‌ನ ಅಲಗು ತಾಗುತ್ತದೆ. ಕೊನೆಯಲ್ಲಿ ಎಂಜಲು ಎಳೆಯುವ ಸಕ್ಷನ್ ನಳಿಕೆಯೂ ಅಲ್ಲೇ ತಾಗುತ್ತದೆ. ಅದರ ಕೆಳಗೆ ಧ್ವನಿಪೆಟ್ಟಿಗೆ: ಬಾಯಿಯಿಂದ ಬಾಗಿ ಇಳಿಯುವ ಟ್ಯೂಬ್ ತನ್ನ ಭಾರವನ್ನೆಲ್ಲ ಧ್ವನಿತಂತುಗಳ ಹಿಂತುದಿಯ ಮೇಲೆ ಹಾಕುತ್ತದೆ. ಇನ್ನೂ ಕೆಳಗೆ ಶ್ವಾಸನಾಳ. ಅಲ್ಲಿ ಟ್ಯೂಬಿನ ತುದಿಯ ಹತ್ತಿರ ಒಂದು ಪುಟ್ಟ ಬಲೂನು ಸುತ್ತುವರಿದಿರುತ್ತದೆ. ನಾವದಕ್ಕೆ ಕಫ್ ಎನ್ನುತ್ತೇವೆ. ನೆಗಡಿಯ ಕಫಕ್ಕೂ ಇದಕ್ಕೂ ಸಂಬಂಧವಿಲ್ಲ. ಗೊಂದಲ ಬೇಡವೆಂದು ಇಲ್ಲಿ ಬಲೂನು ಎಂದೇ ಬರೆಯುತ್ತೇನೆ.

ಈ ಬಲೂನು ಸ್ವಲ್ಪ ವಿವರಕ್ಕೆ ತಕ್ಕದ್ದು, ಏಕೆಂದರೆ ತಪ್ಪಿಸಬಹುದಾದ ನೋವಿನ ದೊಡ್ಡ ಭಾಗ ಇಲ್ಲಿದೆ. ಅದಕ್ಕೆ ಎರಡು ಕೆಲಸ: ಯಂತ್ರ ಕೊಡುವ ಗಾಳಿ ಪಕ್ಕದಿಂದ ಸೋರದಂತೆ ತಡೆಯುವುದು, ಹೊಟ್ಟೆಯಿಂದ ಉಕ್ಕಿದ ಹುಳಿ ಶ್ವಾಸಕೋಶಕ್ಕೆ ಇಳಿಯದಂತೆ ನೋಡಿಕೊಳ್ಳುವುದು. ಅದರೊಳಗಿನ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನಷ್ಟಿದ್ದರೆ ಎರಡೂ ಕೆಲಸ ಸಾಗುತ್ತದೆ. ಅಂದರೆ ತುಂಬಿದ ಬಿಂದಿಗೆಯ ತಳದಲ್ಲಿ ನೀರು ಒತ್ತುವಷ್ಟು, ಅದಕ್ಕಿಂತ ಹೆಚ್ಚೇನಲ್ಲ. ಒತ್ತಡ 30 ದಾಟಿದರೆ ಶ್ವಾಸನಾಳದ ಒಳಪೊರೆಯ ಸಣ್ಣ ರಕ್ತನಾಳಗಳಲ್ಲಿ ಹರಿವು ಕುಂದತೊಡಗುತ್ತದೆ. 50ರ ಹೊತ್ತಿಗೆ ಬಲೂನು ಒತ್ತಿದ ಜಾಗದಲ್ಲಿ ಹರಿವು ನಿಂತೇಹೋಗಬಹುದು. ರಕ್ತ ಕಾಣದ ಪೊರೆ ಸೊರಗಿ, ಎಚ್ಚರವಾದ ಮೇಲೆ ಉರಿಯುತ್ತದೆ, ಕೆಮ್ಮು ತರಿಸುತ್ತದೆ.

ಕಷ್ಟವೇನೆಂದರೆ ಈ ಒತ್ತಡ ಕೈಗೆ ತಿಳಿಯುವುದಿಲ್ಲ. ಟ್ಯೂಬಿನ ಹೊರತುದಿಯಲ್ಲಿ ನೇತಾಡುವ ಸಣ್ಣ ಗುಳ್ಳೆಯೊಂದಿದೆ. ಅದನ್ನು ಎರಡು ಬೆರಳಲ್ಲಿ ಅಮುಕಿ "ಸಾಕು" ಎನ್ನುವುದು ಹಳೆಯ ರೂಢಿ. ಬಹಳ ವರ್ಷದ ಅನುಭವವಿದ್ದವರ ಬೆರಳೂ ಇಲ್ಲಿ ತಪ್ಪುತ್ತದೆ. 10 ಮಿಲಿಲೀಟರ್ ಸಿರಿಂಜಿನ ಗಾಳಿಯನ್ನು ಪೂರ್ತಿ ತಳ್ಳಿಬಿಟ್ಟರೆ ಒತ್ತಡ 60, 80 ದಾಟುವುದೂ ಉಂಟು. ಇದನ್ನು ಅಳೆಯಲು ಕಫ್ ಮ್ಯಾನೋಮೀಟರ್ ಎಂಬ ಅಂಗೈಯಗಲದ, ಗಡಿಯಾರದ ಮುಖದಂಥ ಮಾಪಕ ಸಿಗುತ್ತದೆ. ಬಿಪಿ ನೋಡಿದಷ್ಟು ಹೊತ್ತೂ ಬೇಡ. ಮಾಪಕ ಇಲ್ಲದ ಕಡೆ, ಕತ್ತಿನ ಮೇಲೆ ಸ್ಟೆಥಾಸ್ಕೋಪ್ ಇಟ್ಟು ಗಾಳಿ ಸೋರುವ ಸದ್ದು ಕೇಳುತ್ತಾ, ಅರ್ಧರ್ಧ ಮಿಲಿಲೀಟರ್ ಸೇರಿಸುತ್ತಾ, ಸದ್ದು ನಿಂತ ಕೂಡಲೇ ಕೈ ನಿಲ್ಲಿಸಬಹುದು. ಮಾಪಕದಷ್ಟು ನಿಖರವಲ್ಲ, ಬೆರಳಿಗಿಂತ ಎಷ್ಟೋ ಮೇಲು.

ಆರಂಭದಲ್ಲಿ ಸರಿಯಿದ್ದ ಒತ್ತಡ ನಡುವೆ ಏರುವುದೂ ಇದೆ. ಉಸಿರಿನ ಜೊತೆ ನೈಟ್ರಸ್ ಆಕ್ಸೈಡ್ ಅನಿಲ ಕೊಡುತ್ತಿದ್ದರೆ ಅದು ಬಲೂನಿನ ತೆಳು ಗೋಡೆಯ ಮೂಲಕ ಒಳಗೆ ನುಸುಳಿ ನಿಧಾನವಾಗಿ ಉಬ್ಬಿಸುತ್ತದೆ. ನಿಮ್ಮ ಆಪರೇಷನ್‌ನಲ್ಲಿ ಇನ್ನೊಂದು ಕಾರಣವೂ ಇದೆ. ಲ್ಯಾಪ್ರೊಸ್ಕೋಪಿಗೆ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿದಾಗ ವಪೆ (ಎದೆ ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ಮೇಲಕ್ಕೆ ಸರಿಯುತ್ತದೆ, ಅದರ ಜೊತೆ ಶ್ವಾಸಕೋಶವೂ ಶ್ವಾಸನಾಳದ ಕವಲೂ ಮೇಲೆ ಬರುತ್ತವೆ. ಎದೆಯೊಳಗಿನ ಒತ್ತಡ ಹೆಚ್ಚಿ ಬಲೂನಿನದೂ ಹೆಚ್ಚುತ್ತದೆ. ಹಾಗಾಗಿ ಟ್ಯೂಬ್ ಹಾಕಿದಾಗ ಒಂದು ಸಲ, ಹೊಟ್ಟೆಗೆ ಅನಿಲ ತುಂಬಿದ ಮೇಲೆ ಇನ್ನೊಂದು ಸಲ ಒತ್ತಡ ನೋಡಬೇಕು.

ಎರಡನೆಯ ದೊಡ್ಡ ಕಾರಣ ಟ್ಯೂಬಿನ ಗಾತ್ರ. 7 ನಂಬರ್ ಟ್ಯೂಬ್ ಎಂದರೆ ಒಳಗಿನ ಅಗಲ 7 ಮಿಲಿಮೀಟರ್. ಹೊರಗಿನಿಂದ ಅಳೆದರೆ ಹತ್ತರ ಹತ್ತಿರ ಬರುತ್ತದೆ. ಹೆಂಗಸರ ಧ್ವನಿಪೆಟ್ಟಿಗೆ ಗಂಡಸರದ್ದಕ್ಕಿಂತ ಚಿಕ್ಕದು. ಹೆಂಗಸರಲ್ಲಿ ಈ ನೋವು ಹೆಚ್ಚು ಕಾಣುವುದಕ್ಕೆ ಇದೂ ಒಂದು ಕಾರಣ. ಹೆಂಗಸರಿಗೆ 7ರ ಬದಲು 6 ಅಥವಾ 6.5 ಹಾಕಿದರೆ ಗಂಟಲು ನೋವೂ ಧ್ವನಿ ಒರಟಾಗುವುದೂ ಕಡಿಮೆಯಾಗುತ್ತದೆ ಎನ್ನುವುದಕ್ಕೆ ಒಳ್ಳೆಯ ಆಧಾರಗಳಿವೆ. "ಚಿಕ್ಕ ಟ್ಯೂಬಿನಲ್ಲಿ ಉಸಿರಾಟಕ್ಕೆ ಸಾಲದು" ಎಂಬ ಮಾತು ಕೇಳಿಬರಬಹುದು. ಯಂತ್ರವೇ ಉಸಿರು ಕೊಡುವ ಒಂದೆರಡು ಗಂಟೆಯ ಆಪರೇಷನ್‌ಗೆ ಸಾಮಾನ್ಯ ಮೈಕಟ್ಟಿನವರಿಗೆ ಅದು ಸಾಲುತ್ತದೆ. ಚಿಕ್ಕ ಟ್ಯೂಬಿನ ನಿಜವಾದ ತೊಡಕುಗಳು ಬೇರೆ: ಒಳಗಿನ ಕಫ ಎಳೆಯುವುದು ಕಷ್ಟ, ಬೇಗ ಕಟ್ಟಿಕೊಳ್ಳಬಹುದು, ಶ್ವಾಸಕೋಶದೊಳಗೆ ಕ್ಯಾಮೆರಾ ಇಳಿಸುವ ಪ್ರಸಂಗ ಬಂದರೆ ಅದು ತೂರದಿರಬಹುದು. ಅಸ್ತಮಾ ಜೋರಾಗಿರುವವರಿಗೆ, ಆಪರೇಷನ್ ಆದ ಮೇಲೂ ಐಸಿಯುನಲ್ಲಿ ಟ್ಯೂಬ್ ಉಳಿಸಬೇಕಾದವರಿಗೆ ಅದು ಸರಿಯಾಗದು.

ಉಳಿದ ಕಾರಣಗಳು: ಒಂದೇ ಸಲಕ್ಕೆ ಟ್ಯೂಬ್ ಹೋಗದೆ ಎರಡು ಮೂರು ಬಾರಿ ಪ್ರಯತ್ನಿಸುವುದು, ಸ್ನಾಯು ಸಡಿಲಿಸುವ ಔಷಧ ಪೂರ್ತಿ ಹಿಡಿಯುವ ಮುಂಚೆಯೇ ಅವಸರ ಮಾಡುವುದು, ಕತ್ತು ತಿರುಗಿಸಿದಾಗ ಟ್ಯೂಬ್ ಒಳಗೇ ಉಜ್ಜುವುದು, ಎಚ್ಚರವಾಗುವಾಗ ಟ್ಯೂಬ್ ಇದ್ದಂತೆಯೇ ಜೋರಾಗಿ ಕೆಮ್ಮುವುದು.

ಟ್ಯೂಬ್ ಇಲ್ಲದೆ ಮಾಡಬಹುದೆ?

ಕೈಕಾಲಿನ ಆಪರೇಷನ್ ಆಗಿದ್ದರೆ ಖಂಡಿತ ಕೇಳಿ ಎನ್ನುತ್ತಿದ್ದೆ. ಪಿತ್ತಕೋಶವನ್ನೂ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಲ್ಯಾಪ್ರೊಸ್ಕೋಪಿಯಲ್ಲಿ ತೆಗೆದ ಉದಾಹರಣೆಗಳಿವೆ. ಆದರೆ ಎಚ್ಚರವಿರುವಾಗ ಹೊಟ್ಟೆ ತುಂಬ ಅನಿಲ ತುಂಬಿದರೆ ವಪೆ ಕೆರಳಿ ಭುಜ ಹಿಂಡುವಂಥ ನೋವು ಬರುತ್ತದೆ, ಉಸಿರು ಕಟ್ಟಿದಂತಾಗುತ್ತದೆ. ನಡುವೆ ತಡೆಯಲಾಗದೆ ಪೂರ್ತಿ ಪ್ರಜ್ಞೆ ತಪ್ಪಿಸಿ ಅವಸರದಲ್ಲಿ ಟ್ಯೂಬ್ ಹಾಕಬೇಕಾಗಬಹುದು. ಅವಸರದ ಟ್ಯೂಬ್ ಗಂಟಲಿಗೆ ಇನ್ನೂ ಕೆಟ್ಟದ್ದು.

ನಡುವಿನ ದಾರಿಯೂ ಒಂದಿದೆ: ಎಲ್‌ಎಂಎ (ಲ್ಯಾರಿಂಜಿಯಲ್ ಮಾಸ್ಕ್) ಮತ್ತು ಅದರ ಜಾತಿಯ ಸಾಧನಗಳು. ಇವು ಧ್ವನಿತಂತುಗಳ ನಡುವೆ ಹೋಗದೆ ಧ್ವನಿಪೆಟ್ಟಿಗೆಯ ಮೇಲೆ ಮುಚ್ಚಳದಂತೆ ಕೂರುತ್ತವೆ. ಧ್ವನಿ ಒರಟಾಗುವುದು ಇವುಗಳಲ್ಲಿ ಕಡಿಮೆ. ಬೇರೆಯವರಾಗಿದ್ದರೆ ಇದನ್ನು ಯೋಚಿಸಿ ಎನ್ನಬಹುದಿತ್ತು. ನಿಮಗೆ ರಾತ್ರಿ ಹುಳಿ ಮೇಲೆ ಬರುತ್ತದೆ. ಸಕ್ಕರೆ ಕಾಯಿಲೆ ಬಹಳ ವರ್ಷದ್ದಾಗಿದ್ದರೆ ಹೊಟ್ಟೆ ಖಾಲಿಯಾಗುವುದೂ ನಿಧಾನವಿರಬಹುದು. ಹೊಟ್ಟೆಯ ಹುಳಿ ಶ್ವಾಸಕೋಶಕ್ಕೆ ಇಳಿದರೆ ಅದು ನ್ಯುಮೋನಿಯಾ, ಕೆಲವೊಮ್ಮೆ ಪ್ರಾಣದ ಪ್ರಶ್ನೆ. ಎರಡು ದಿನದ ಗಂಟಲು ನೋವು ತಪ್ಪಿಸಲು ಆ ಅಪಾಯ ಕಟ್ಟಿಕೊಳ್ಳುವುದು ಬೇಡ. ನಿಮ್ಮ ವಿಷಯದಲ್ಲಿ ಟ್ಯೂಬೇ ಸುರಕ್ಷಿತ. ಅದನ್ನು ಹಾಕುವ ಬಗೆಯಲ್ಲಿ ಜಾಗ್ರತೆ ಕೇಳೋಣ.

ಅತಿಮಧುರ, ಕಷಾಯ, ಔಷಧಗಳು

ಅತಿಮಧುರದ ಮಾತು ಬರಿ ಅಜ್ಜಿ ಮದ್ದಲ್ಲ. ಅರ್ಧ ಗ್ರಾಂ ಅತಿಮಧುರವನ್ನು 30 ಮಿಲಿಲೀಟರ್ ನೀರಿನಲ್ಲಿ ಕಲಸಿ, ಅರಿವಳಿಕೆಗೆ ಐದು ನಿಮಿಷ ಮುಂಚೆ ಒಂದು ನಿಮಿಷ ಗಂಟಲಲ್ಲಿ ಗಳಗಳಿಸಿ ಉಗುಳಿಸಿದಾಗ ನೋವು ಕಾಣಿಸಿಕೊಂಡವರ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿದದ್ದು ಆಸ್ಟ್ರಿಯಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿದೆ. ಅಲ್ಲಿದ್ದವರೆಲ್ಲ ಎದೆಯ ಆಪರೇಷನ್‌ಗೆ ಇನ್ನೂ ದಪ್ಪನೆಯ ಟ್ಯೂಬ್ ಹಾಕಿಸಿಕೊಂಡವರು. ಗಮನಿಸಿ: ಅದು ಬಾಯಿ ಮುಕ್ಕಳಿಸಿದ್ದು, ನುಂಗಿದ್ದಲ್ಲ, ಥಿಯೇಟರಿನ ಬಾಗಿಲಲ್ಲಿ ಮಾಡಿದ್ದು, ವಾರದಿಂದ ಅಗಿದದ್ದಲ್ಲ. ದೇವರಾಜ ಮಾರುಕಟ್ಟೆ ಸುತ್ತಲಿನ ಗ್ರಂಧಿಗೆ ಅಂಗಡಿಯಿಂದ ಬೇರು ತಂದು ದಿನವೂ ಅಗಿಯುತ್ತಾ ಹೋದರೆ ಅದು ಬಿಪಿ ಏರಿಸುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿಸುತ್ತದೆ. ಪೊಟ್ಯಾಸಿಯಂ ಇಳಿದರೆ ಅರಿವಳಿಕೆಯ ನಡುವೆ ಹೃದಯದ ಬಡಿತ ತಪ್ಪಬಹುದು. ಈಗಾಗಲೇ ಅಗಿಯುತ್ತಿದ್ದರೆ ನಿಲ್ಲಿಸಿ, ಅಗಿಯುತ್ತಿದ್ದ ವಿಷಯವನ್ನು ಅರಿವಳಿಕೆ ವೈದ್ಯರಿಗೆ ಮುಚ್ಚಿಡದೆ ಹೇಳಿ.

ಕಷಾಯ ಕುಡಿದು ಹೋಗಬೇಡಿ. ಹಾಲು ಹಾಕಿದ್ದಾದರೆ ಅದು ಊಟಕ್ಕೆ ಸಮ, ಆರು ಗಂಟೆ ಮುಂಚೆಯೇ ನಿಲ್ಲಬೇಕು. ತಿಳಿ ನೀರನ್ನು ಎರಡು ಗಂಟೆ ಮುಂಚಿನವರೆಗೂ ಸಾಮಾನ್ಯವಾಗಿ ಬಿಡುತ್ತಾರೆ, ಆದರೆ ನಿಮ್ಮ ಹುಳಿ ತೇಗಿನ ಕಾರಣಕ್ಕೆ ಹೆಚ್ಚು ಹೊತ್ತು ಹೇಳಬಹುದು. ಅವರು ಹೇಳಿದ ಗಂಟೆಯೇ ಅಂತಿಮ. ಮೆಟ್‌ಫಾರ್ಮಿನ್ ಆ ಬೆಳಗ್ಗೆ ಬಿಡಬೇಕೆ, ಆಸಿಡಿಟಿ ಮಾತ್ರೆ ಒಂದು ಗುಟುಕು ನೀರಿನಲ್ಲಿ ನುಂಗಬೇಕೆ ಎಂಬುದನ್ನೂ ಆಗಲೇ ಕೇಳಿಕೊಳ್ಳಿ. ಉಪ್ಪುನೀರು ಮುಕ್ಕಳಿಸಿ ಉಗುಳಿದರೆ ತೊಂದರೆಯಿಲ್ಲ, ದೊಡ್ಡ ಲಾಭವೂ ಇಲ್ಲ.

ಆಸ್ಪತ್ರೆಯಲ್ಲಿ ಕೊಡಬಹುದಾದವು ಬೇರೆ ಇವೆ. 40ರಿಂದ 50 ಮಿಲಿಗ್ರಾಂ ಕೆಟಮಿನ್ ಎಂಬ ಅರಿವಳಿಕೆ ಔಷಧವನ್ನು 30 ಮಿಲಿಲೀಟರ್ ಸಲೈನಿನಲ್ಲಿ ಕಲಸಿ ಮುಕ್ಕಳಿಸುವುದು ನಮ್ಮ ದೇಶದಲ್ಲಿ ಹೆಚ್ಚು ಪರೀಕ್ಷೆಯಾದ ಉಪಾಯ. ಫಲವಿದೆ, ರುಚಿ ಮಾತ್ರ ಬಲು ಕಹಿ. ಮೆಗ್ನೀಸಿಯಂ ಸಲ್ಫೇಟ್ ದ್ರಾವಣವೂ ಹಾಗೇ ಕೆಲಸ ಮಾಡುತ್ತದೆ. ಇವು ಮನೆಯಲ್ಲಿ ಮಾಡಿಕೊಳ್ಳುವಂಥವಲ್ಲ. ಬೆಂಜಿಡಮೀನ್ ಎಂಬ ಮೌತ್‌ವಾಶ್, 0.15 ಶೇಕಡದ್ದು, ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. ಅದನ್ನು ಥಿಯೇಟರಿಗೆ ಹೋಗುವ ಮುಂಚೆ ಮುಕ್ಕಳಿಸಬಹುದೆ ಎಂದು ಕೇಳಿ. ಸ್ವಲ್ಪ ಹೊತ್ತು ಬಾಯಿ ಜುಮ್ಮೆನ್ನುವುದು ಬಿಟ್ಟರೆ ಬೇರೆ ಕಾಟ ಕಡಿಮೆ.

ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ 8 ಮಿಲಿಗ್ರಾಂ ರಕ್ತನಾಳಕ್ಕೆ ಕೊಟ್ಟರೆ ಗಂಟಲಿನ ಊತ ಇಳಿಯುವುದಲ್ಲದೆ, ಪಿತ್ತಕೋಶದ ಆಪರೇಷನ್ ಆದವರನ್ನು ಕಾಡುವ ವಾಂತಿಯೂ ತಗ್ಗುತ್ತದೆ. ವಾಂತಿ ತಡೆದರೆ ಗಂಟಲಿಗೂ ಉಪಕಾರ. ಆದರೆ ನಿಮ್ಮ ಶುಗರ್ ಒಂದು ದಿನದ ಮಟ್ಟಿಗೆ ಏರುತ್ತದೆ. ಸಕ್ಕರೆ ಹತೋಟಿಯಲ್ಲಿದ್ದರೆ ಒಂದು ಡೋಸಿಗೆ ಹೆದರಬೇಕಿಲ್ಲ, ಆ ದಿನ ನಾಲ್ಕಾರು ಗಂಟೆಗೊಮ್ಮೆ ಚುಚ್ಚಿ ನೋಡುವಂತೆ ಹೇಳಿದರಾಯಿತು. ಈಗಿನ ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ) ಹೆಚ್ಚಿದ್ದರೆ ಅವರು ಬೇಡ ಎನ್ನಬಹುದು, ಅದೂ ನ್ಯಾಯವೇ.

ಟ್ಯೂಬಿಗೆ ಮರಗಟ್ಟಿಸುವ ಲಿಗ್ನೊಕೇನ್ ಜೆಲ್ಲಿ ಸವರಿದರೆ ನೋಯುವುದಿಲ್ಲ ಎಂಬ ನಂಬಿಕೆ ಆಸ್ಪತ್ರೆಗಳ ಒಳಗೂ ಇದೆ. ಅದನ್ನು ನಂಬಿ ಕೂರುವಂತಿಲ್ಲ: ಜೆಲ್ಲಿ ಒಣಗಿ ಅಂಟಾಗುತ್ತದೆ, ಕೆಲವರಲ್ಲಿ ನೋವು ಹೆಚ್ಚಿಸಿದ್ದೂ ಇದೆ. ಅದೇ ಔಷಧವನ್ನು, ಕಿಲೋಗೆ 1ರಿಂದ 1.5 ಮಿಲಿಗ್ರಾಂ ಲೆಕ್ಕದಲ್ಲಿ, ಟ್ಯೂಬ್ ತೆಗೆಯುವ ಸ್ವಲ್ಪ ಮುಂಚೆ ರಕ್ತನಾಳಕ್ಕೆ ಕೊಟ್ಟರೆ ಎಚ್ಚರವಾಗುವ ಹೊತ್ತಿನ ಕೆಮ್ಮು ಶಾಂತವಾಗುತ್ತದೆ.

ಈಗಲೇ ಮಾಡಬೇಕಾದ್ದು

ಮೊದಲು, ಮೂರು ವಾರದ ಧ್ವನಿ ಒಡಕು. ಆಪರೇಷನ್‌ಗೆ ಮುಂಚೆ ಇಎನ್‌ಟಿ ವೈದ್ಯರಲ್ಲಿ ಸಣ್ಣ ಕ್ಯಾಮೆರಾ ಹಾಕಿಸಿ ಧ್ವನಿತಂತು ನೋಡಿಸಿಕೊಳ್ಳಿ. ಐದು ನಿಮಿಷದ ಕೆಲಸ. ದಿನವೂ ಆರು ಪೀರಿಯಡ್ ಮಾತಾಡಿ ಸಂಜೆ ಹಾಡುವವರ ತಂತುಗಳಲ್ಲಿ ಸಣ್ಣ ಗಂಟು ಮೊದಲೇ ಇರಬಹುದು. ರಾತ್ರಿಯ ಹುಳಿಯಿಂದ ಧ್ವನಿಪೆಟ್ಟಿಗೆಯ ಹಿಂಭಾಗ ಕೆಂಪಾಗಿರಲೂಬಹುದು. ಇದ್ದರೆ ಅದಕ್ಕೆ ಕೆಲವು ವಾರ ಚಿಕಿತ್ಸೆ ಕೊಟ್ಟು ಆಮೇಲೆ ಟ್ಯೂಬ್ ಹಾಕುವುದು ವಾಸಿ. ಕಲ್ಲಿನಿಂದ ಸೋಂಕೋ ಕಾಮಾಲೆಯೋ ಆಗಿದ್ದರೆ ಮಾತ್ರ ಕಾಯುವಂತಿಲ್ಲ.

ಎರಡನೆಯದು, ಹಳೆಯ ಅರಿವಳಿಕೆ ಚಾರ್ಟ್. ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದು ಇರುವುದಿಲ್ಲ. ಹಿಂದಿನ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಐಪಿ (ಒಳರೋಗಿ) ನಂಬರ್ ಸಹಿತ ಅರ್ಜಿ ಕೊಟ್ಟು ಜೆರಾಕ್ಸ್ ಕೇಳಿ. ಯಾವ ನಂಬರಿನ ಟ್ಯೂಬ್, ಎಷ್ಟು ಪ್ರಯತ್ನ, ಧ್ವನಿತಂತು ಎಷ್ಟು ಕಂಡಿತ್ತು, ಪ್ಯಾಕ್ ಇಟ್ಟಿದ್ದರೋ ಇಲ್ಲವೋ ಎಂಬುದೆಲ್ಲ ಆ ಒಂದು ಹಾಳೆಯಲ್ಲಿರುತ್ತದೆ. ಹಿಂದೆ ಟ್ಯೂಬ್ ಹಾಕುವುದು ಕಷ್ಟವಾಗಿತ್ತು ಎಂದು ಮೊದಲೇ ಗೊತ್ತಾದರೆ ಈ ಸಲ ವಿಡಿಯೋ ಲ್ಯಾರಿಂಗೋಸ್ಕೋಪ್ ಸಿದ್ಧವಿಟ್ಟು ಮೊದಲ ಪ್ರಯತ್ನದಲ್ಲೇ ಹಾಕಬಹುದು.

ಮೂರನೆಯದು, ಆಪರೇಷನ್‌ಗೆ ಮುಂಚಿನ ಅರಿವಳಿಕೆ ತಪಾಸಣೆ. ಅಲ್ಲಿ ಇಸಿಜಿ, ರಕ್ತದ ವರದಿ ತೋರಿಸಿ ಎದ್ದು ಬಂದುಬಿಡಬೇಡಿ. "ನಾನು ಗಮಕ ಹಾಡುತ್ತೇನೆ, ಹೋದ ಸಲ ಮೂರು ವಾರ ಧ್ವನಿ ಒಡೆದಿತ್ತು. 6 ಅಥವಾ 6.5 ಟ್ಯೂಬ್ ಆಗುತ್ತದೆಯೆ? ಬಲೂನಿನ ಒತ್ತಡ ಮಾಪಕದಲ್ಲಿ ನೋಡುತ್ತೀರಾ?" ಎಂದು ಕೇಳಿ. ಇದು ಅಧಿಕಪ್ರಸಂಗವಲ್ಲ, ಹಾಡುಗಾರರು ಎಂಬುದು ನಮಗೆ ಅಲರ್ಜಿಯಷ್ಟೇ ಮುಖ್ಯವಾದ ಮಾಹಿತಿ. ಉತ್ತರವನ್ನು ಕೇಸ್ ಶೀಟಿನಲ್ಲಿ ಬರೆಸಿ, ಏಕೆಂದರೆ ತಪಾಸಣೆ ಮಾಡಿದವರೇ ಆ ದಿನ ಥಿಯೇಟರಿನಲ್ಲಿ ಇರುತ್ತಾರೆಂದು ಹೇಳಲಾಗದು. ಅಲುಗುವ ಹಲ್ಲು, ಕಳೆದ ಎರಡು ವಾರದ ನೆಗಡಿ ಕೆಮ್ಮು ಇದ್ದರೆ ಅದನ್ನೂ ಹೇಳಿ. ಕೆರಳಿದ ಗಂಟಲಿಗೆ ಟ್ಯೂಬ್ ಹಾಕುವುದಕ್ಕಿಂತ ಆಪರೇಷನ್ ಮುಂದೂಡುವುದು ಲೇಸು.

ಆಮೇಲೆ

ನೀರು ಕುಡಿಯಬಹುದು ಎಂದ ಕೂಡಲೇ ಗುಟುಕು ಗುಟುಕಾಗಿ ಕುಡಿಯುತ್ತಿರಿ. ಒಣ ಗಂಟಲು ಹೆಚ್ಚು ನೋಯುತ್ತದೆ. ಹೊಟ್ಟೆ ನೋವಿಗೆ ಕೊಡುವ ಪ್ಯಾರಾಸಿಟಮಾಲ್ ಗಂಟಲಿಗೂ ಸಾಕು, ಬೇರೆ ಮಾತ್ರೆ ಸೇರಿಸಬೇಡಿ. ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರು ನಾಲ್ಕು ಸಲ ಮುಕ್ಕಳಿಸಿ. ಶುಂಠಿ ಮೆಣಸಿನ ಖಾರದ ಕಷಾಯ ತರಚಿದ ಪೊರೆಗೆ ಉರಿ ಹಚ್ಚುತ್ತದೆ, ಬೇಡ. ಮೊದಲೆರಡು ದಿನ ಮುದ್ದೆ ನುಂಗುವ ಸಾಹಸವೂ ಬೇಡ, ಆರಿದ ರಾಗಿ ಗಂಜಿ ಕುಡಿಯಿರಿ. ಬಸ್ಸಾರು ಒಂದು ವಾರ ಕಾಯಲಿ.

ಧ್ವನಿಗೆ ವಿಶ್ರಾಂತಿ ಎಂದು ಪಿಸುಗುಟ್ಟಬೇಡಿ. ಪಿಸುಮಾತಿನಲ್ಲಿ ತಂತುಗಳು ಬಿಗಿದುಕೊಂಡು ಹೆಚ್ಚು ದಣಿಯುತ್ತವೆ. ಮೆಲ್ಲನೆಯ ಸಹಜ ಧ್ವನಿಯಲ್ಲಿ, ಬೇಕಾದಷ್ಟೇ ಮಾತಾಡಿ. ಪದೇ ಪದೇ ಕ್ಯಾಕರಿಸುವುದನ್ನು ತಡೆಯಿರಿ. ಕೆರೆತ ಬಂದಾಗ ಒಂದು ಗುಟುಕು ನೀರು ನುಂಗಿ.

ಉಸಿರು ಎಳೆದುಕೊಳ್ಳುವಾಗ ಸಿಳ್ಳೆಯಂಥ ಸದ್ದು, ಎಂಜಲೂ ನುಂಗಲಾಗದೆ ಜೊಲ್ಲು ಸುರಿಯುವುದು, ಜ್ವರದ ಜೊತೆ ಕತ್ತು ಊದಿಕೊಳ್ಳುವುದು, ಕೆಮ್ಮಿದರೆ ರಕ್ತ, ನೀರು ಕುಡಿದರೆ ಪ್ರತಿ ಸಲ ನೆತ್ತಿಗೇರುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ನೋವಿಲ್ಲದೆ ಬರಿ ಧ್ವನಿ ಒರಟಾಗಿದ್ದರೆ ಒಂದು ವಾರ ನೋಡಿ. ಅಷ್ಟರಲ್ಲಿ ತಿಳಿಯಾಗುತ್ತಾ ಬರದಿದ್ದರೆ ಇಎನ್‌ಟಿಯವರು ಮತ್ತೆ ನೋಡಬೇಕು. ಧ್ವನಿಪೆಟ್ಟಿಗೆಯ ಹಿಂದಿನ ಪುಟ್ಟ ಮೃದ್ವಸ್ಥಿ ಜಾರಿದ್ದರೆ ಬೇಗ ಗೊತ್ತಾದಷ್ಟು ಸುಲಭವಾಗಿ ಕೂರಿಸಬಹುದು, ತಡವಾದರೆ ಅಲ್ಲೇ ಬಿಗಿದುಕೊಳ್ಳುತ್ತದೆ. ಮೊದಲು ಸರಿಯಾಗಿದ್ದ ಧ್ವನಿ ಮೂರು ನಾಲ್ಕು ವಾರದ ಮೇಲೆ ಕೆಡುವುದೂ ಇದೆ. ಟ್ಯೂಬ್ ಉಜ್ಜಿದ ಜಾಗದಲ್ಲಿ ಬೆಳೆಯುವ ಗ್ರ್ಯಾನುಲೋಮಾ ಎಂಬ ಸಣ್ಣ ಗಡ್ಡೆ ಅದಕ್ಕೊಂದು ಕಾರಣ. ಅದರಲ್ಲೂ ಹುಳಿ ತೇಗು ಇರುವವರಿಗೆ ಅದು ಮಾಯುವುದು ನಿಧಾನ, ಆದ್ದರಿಂದ ಆಸಿಡಿಟಿ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಈ ವಿಷಯದಲ್ಲಿ ನಿಮಗೊಂದು ಅನುಕೂಲವಿದೆ: ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಂಡ್ಯದಿಂದ ಒಂದು ಗಂಟೆಯ ದಾರಿ. ಧ್ವನಿಯನ್ನು ಯಂತ್ರದಲ್ಲಿ ಅಳೆದು, ವ್ಯಾಯಾಮ ಹೇಳಿಕೊಡುವ ವಾಕ್ ಚಿಕಿತ್ಸಕರು ಅಲ್ಲಿದ್ದಾರೆ. ಸಾಧ್ಯವಾದರೆ ಆಪರೇಷನ್‌ಗೆ ಮುಂಚೆಯೇ ಒಮ್ಮೆ ಅಳೆಸಿಟ್ಟುಕೊಳ್ಳಿ; ಆಮೇಲೆ ಹೋಲಿಸಲು ಅದು ಬೇಕಾಗುತ್ತದೆ.

ದಸರಾ ಕಾರ್ಯಕ್ರಮ ಬಿಡಬೇಕಿಲ್ಲ. ಆಪರೇಷನ್ ಮುಂದಿನ ಎರಡು ವಾರದೊಳಗೆ ಮುಗಿದರೆ ಆರು ವಾರ ಉಳಿಯುತ್ತದೆ. ಗಂಟಲು ಒಂದು ವಾರಕ್ಕೆ ಸರಿಹೋದೀತು. ನಿಮ್ಮನ್ನು ತಡೆಯುವುದು ಹೊಟ್ಟೆಯ ಗಾಯಗಳು: ದೀರ್ಘವಾಗಿ ಉಸಿರು ಹಿಡಿದು ಪದ್ಯದ ಸಾಲನ್ನು ಒಯ್ಯಲು ಹೊಟ್ಟೆಯ ಸ್ನಾಯುಗಳೇ ಆಸರೆ, ಅವು ಎರಡು ಮೂರು ವಾರ ಎಳೆಯುತ್ತವೆ. ಆ ಎಳೆತಕ್ಕೆ ಹೆದರಿ ಗಂಟಲಿನಿಂದಲೇ ಒತ್ತಿ ಹಾಡಿದರೆ ಹೊಸ ಪೆಟ್ಟಾಗುತ್ತದೆ. ಹಾಗಾಗಿ ಮೂರನೆಯ ವಾರ ಮಂದ್ರದಲ್ಲಿ ಹತ್ತು ನಿಮಿಷದಿಂದ ಶುರುಮಾಡಿ, ಗಂಟಲಿನ ನೋವು ಪೂರ್ತಿ ಹೋದ ಮೇಲೆ ಮಧ್ಯಸ್ಥಾಯಿಗೆ ಬನ್ನಿ, ತಾರಸ್ಥಾಯಿಯನ್ನು ಐದನೆಯ ವಾರಕ್ಕೆ ಇಟ್ಟುಕೊಳ್ಳಿ.